ಜಯಕರಣ್ಣನ ಮಾವಿನ ಬಿಯರ್

ಕತಾರಿನ ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ, ಊರಿನ ಕಡೆಯ ಹುಡುಗ ತಾರಾನಾಥನ ಜೊತೆ ಒಂದೇ ಫ್ಲಾಟಿನಲ್ಲಿದ್ದ ಎ.ಸಿ. ಮೆಕ್ಯಾನಿಕ್ ಜಯಕರ ಬಂಗೇರರಿಗೆ ಶುಕ್ರವಾರದ ರಜೆ ಎಂದರೆ ಬಿಯರ್ ಮಾಡುವ ದಿನ. ಒದ್ದೆ ಟವೆಲಿನಲ್ಲಿ ಮೊಳಕೆ ಬರಿಸಿದ ಗೋಧಿಯನ್ನು ಟೆರೇಸಿನ ಬಿಸಿಲಿಗೆ ಒಣಗಿಸಿ, ತರಿಯಾಗಿ ಒಡೆದು, ಬಿಸಿನೀರಿನಲ್ಲಿ ನೆನೆಸಿ ಸೋಸಿ ಕುದಿಸಿ, ಆರಿದ ಮೇಲೆ ಬ್ರೆಡ್ಡಿನ ಯೀಸ್ಟನ್ನೂ ಮಾವಿನ ರಸವನ್ನೂ ಬೆರೆಸಿ ಡ್ರಮ್ಮಿಗೆ ತುಂಬುತ್ತಿದ್ದರು. ತೊಂಬತ್ತಮೂರನೇ ಇಸವಿಯಲ್ಲಿ ಅದು ಎಂಟು ಸಲ ಕೆಟ್ಟಿತು. ಒಮ್ಮೆಯಂತೂ ಬಾಟಲಿ ಸಿಡಿದು ಸೀಲಿಂಗಿನಲ್ಲಿ ಮಾವಿನ ನಾರು ನೇತಾಡಿತು. "ಖಲಾಸ್, ಬಿಡಿ ಜಯಕರಣ್ಣ" ಎಂದು ತಾರಾನಾಥ ಹೇಳಿದರೆ "ಇನ್ನೊಂದು ಸಲ ಮಾರಾಯ" ಎಂದು ಮತ್ತೆ ಗೋಧಿ ನೆನೆಹಾಕುತ್ತಿದ್ದರು. ಒಂಬತ್ತನೆಯ ಸಲ ತಾರಾನಾಥ ಲೋಟ ಬರಿದು ಮಾಡಿ, ಮತ್ತೆ ಮುಂದೆ ಚಾಚಿದ. ಅಂದಿನಿಂದ ಜಯಕರಣ್ಣ ಅಡುಗೆಮನೆಯ ಬಾಗಿಲು ತೆರೆದಿಟ್ಟು, ಪರಿಚಯದವರನ್ನೆಲ್ಲ ಒಳಗೆ ಕರೆದು ತೋರಿಸತೊಡಗಿದರು. "ಬಾಗಿಲು ಹಾಕಿ. ಈ ದೇಶದಲ್ಲಿ ಮನೇಲಿ ಬಿಯರ್ ಮಾಡುವ ಹಾಗಿಲ್ಲ. ಪೊಲೀಸರಿಗೆ ಗೊತ್ತಾದ್ರೆ ಇಬ್ಬರನ್ನೂ ಊರಿಗೆ ಕಳಿಸ್ತಾರೆ" ಎಂದು ಒಂದು ದಿನ ತಾರಾನಾಥ ಗಾಬರಿಯಿಂದ ಹೇಳಿದ. ಅವರು ಸೌಟು ಆಡಿಸುತ್ತಲೇ ಉತ್ತರಿಸಿದರು: "ಬೊಂಬಾಯಿಯ ಬಿಯರ್ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಬಾಟ್ಲಿ ತೊಳೆದೆ. ಕುದಿಸುವ ರೂಮಿನೊಳಗೆ ನನ್ನನ್ನು ಒಂದು ದಿನವೂ ಬಿಡ್ಲಿಲ್ಲ." ತಾರಾನಾಥ ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿದ. ಆಮೇಲೆ ಪಾತ್ರೆಯ ಪಕ್ಕ ನಿಂತು, "ಇದನ್ನು ಎಷ್ಟು ಹೊತ್ತು ಕುದಿಸ್ಬೇಕು?" ಎಂದು ಕೇಳಿದ.