ಉರಿ ನಿಂತ ಅಂಗಾಲು

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನನ್ನ ಎದುರುಮನೆಯ ಷಡಕ್ಷರಪ್ಪ ತಾನು ತೊಂಬತ್ತು ವರ್ಷ ಬದುಕುವುದೆಂದು ಐವತ್ತೆಂಟನೆಯ ವಯಸ್ಸಿನಲ್ಲಿ ತೀರ್ಮಾನ ಮಾಡಿದ. ಅವನ ಅಜ್ಜ ಐವತ್ತಾರಕ್ಕೆ ಹೋದರು, ಅಪ್ಪ ಐವತ್ತೆಂಟಕ್ಕೆ. ಇಬ್ಬರನ್ನೂ ಕೊಂಡೊಯ್ದದ್ದು ಸಕ್ಕರೆ ಕಾಯಿಲೆ. ಇವನಿಗೂ ಹದಿನೈದು ವರ್ಷದಿಂದ ಅದು ಇತ್ತು, ಆದರೆ ಇವನು ಅದಕ್ಕೆ ಕುರ್ಚಿ ಹಾಕಿ ಕೂರಿಸಿ ದಿನಕ್ಕೆ ಎಂಟು ಲೋಟ ಟೀ ಕುಡಿಸುತ್ತಿದ್ದ.

ಕಾರ್ಖಾನೆಯ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಶಾಖ ಅಳೆಯುವುದು ಅವನ ಕೆಲಸ. ನಾನು ಅಲ್ಲೇ ಟೈಮ್ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಅವನ ಹಾಜರಿ ಹಾಕುತ್ತಿದ್ದವನು. ಅವನ ಕೆಲಸದ ಜಾಗದಲ್ಲಿ ಬೀಡಿ ಹಚ್ಚುವುದಕ್ಕೆ ಬೆಂಕಿಪೊಟ್ಟಣ ಬೇಕಿರಲಿಲ್ಲ. ಬಾಯಿಗಿಟ್ಟು ಕುಲುಮೆಯ ಕಡೆ ಮುಖ ತಿರುಗಿಸಿದರೆ ಆಯಿತು. ಅಂಥ ಬೀಡಿಗಳನ್ನು ಮೂವತ್ತು ವರ್ಷ ಸೇದಿದ. ನಿವೃತ್ತಿಯ ಹೊತ್ತಿಗೆ ಸಕ್ಕರೆ ಮುನ್ನೂರ ನಲವತ್ತು. ಅಂಗಾಲಿನಲ್ಲಿ ಎಂಥ ಉರಿ ಎಂದರೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದ, ಅದು ಒಣಗುವಷ್ಟರಲ್ಲಿ ಹೆಂಡತಿ ಶಾಂತಮ್ಮ ಅದರ ಮೇಲೆ ರೊಟ್ಟಿ ಸುಡಬಹುದಿತ್ತು.

ಬೇರೆಯವರಾದರೆ ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ ಎಂದು ಊರೂರು ಸುತ್ತುತ್ತಿದ್ದರು. ಷಡಕ್ಷರಪ್ಪ ಹಾಗಲ್ಲ. ಅಳತೆಗೆ ಸಿಗದ ಮಾತನ್ನು ಅವನು ನಂಬಿದವನೇ ಅಲ್ಲ. ಬೀಡಿ ಬಿಟ್ಟ. ಡಾಕ್ಟರು ಬರೆದ ಮಾತ್ರೆಯನ್ನು ಶಿಫ್ಟಿನ ಸೈರನ್ ಕೂಗಿದಷ್ಟು ನಿಯಮವಾಗಿ ನುಂಗಿದ. ಅನ್ನ ಅರ್ಧ, ತರಕಾರಿ ಎರಡರಷ್ಟು. ಪ್ರತಿ ಊಟದ ಮೇಲೂ ಕಾಲು ಗಂಟೆ ನಡಿಗೆ. ಮೈಕಟ್ಟು ಕರಗದಿರಲೆಂದು ಹಳೆಯ ಎರಕದ ತುಂಡು ಎರಡನ್ನು ಬೆಳಿಗ್ಗೆ ಎತ್ತಿ ಇಳಿಸುತ್ತಿದ್ದ. ಅವನು ನಡೆದದ್ದನ್ನೆಲ್ಲ ಒಂದೇ ದಾರಿ ಮಾಡಿದ್ದರೆ ಚಂದ್ರನಿಗೆ ಹೋಗಿ, ಅಲ್ಲಿ ಸಕ್ಕರೆಯಿಲ್ಲದ ಕಾಫಿ ಕುಡಿದು, ಸಂಜೆಯೊಳಗೆ ವಾಪಸ್ ಬರಬಹುದಿತ್ತು. ಹಜಾರದ ಗೋಡೆಯ ಮೇಲೆ ಗ್ರಾಫ್ ಹಾಳೆ, ಅದಕ್ಕೆ ನಾಲ್ಕು ಮೂಲೆಗೆ ಹಿತ್ತಾಳೆ ತಲೆಯ ಪಿನ್ನು, ಮೇಲೆ ಸಕ್ಕರೆಯ ಗೆರೆ. ರಕ್ತಪರೀಕ್ಷೆಯ ಮೂರು ತಿಂಗಳ ಸರಾಸರಿ ಶೇಕಡಾ ಹನ್ನೊಂದರಿಂದ ಆರೂಮುಕ್ಕಾಲಿಗೆ ಇಳಿಯಿತು. ಇದರಲ್ಲಿ ನನ್ನ ಕಡೆಯಿಂದ ಸೇರಿಸಿದ್ದು ಏನೂ ಇಲ್ಲ, ಹಾಳೆ ಈಗಲೂ ಅಲ್ಲೇ ಇದೆ.

ಎಂಟನೆಯ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬರಿಗಾಲಲ್ಲಿ ಬಂದು ನಿಂತ.

"ಯಜ್ಞ, ಉರಿ ಹೋಯ್ತು ಮಾರಾಯ."

"ಎಲ್ಲಿಗೆ?"

"ಎಲ್ಲಿಗಾದ್ರೂ ಹೋಗ್ಲಿ. ಹದಿನೈದು ದಿನದಿಂದ ಇಲ್ಲ. ವಿಜ್ಞಾನ ಅಂದ್ರೆ ಇದು."

ಆವತ್ತಿನಿಂದ ಅವನಿಗೆ ಚಪ್ಪಲಿ ಬೇಡವಾಯಿತು. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ನಿಂತು ನನ್ನ ಜೊತೆ ಅರ್ಧ ಗಂಟೆ ಮಾತಾಡುತ್ತಿದ್ದ. ಅಲ್ಲಿ ಉಗುಳಿದರೆ ಎಲೆಅಡಿಕೆ ರಸ ಕುದಿಯುತ್ತಿತ್ತು. ಪಾರ್ಕಿನ ಉರುಟುಕಲ್ಲಿನ ಹಾದಿಯಲ್ಲಿ ಬೇರೆ ಮುದುಕರು ಅಯ್ಯೋ ಅಮ್ಮಾ ಎಂದು ಕುಣಿಯುವಾಗ ಇವನು ಜಮಖಾನೆಯ ಮೇಲೆ ನಡೆದಂತೆ ನಡೆದು, ಪಾದ ಹೀಗಿರಬೇಕು ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದ. ನಾವು ಬಾಯಿ ಬಿಟ್ಟು ಕೇಳುತ್ತಿದ್ದೆವು. ವರ್ಷಕ್ಕೊಮ್ಮೆ ತೋರಿಸಬೇಕಾದವುಗಳ ಪಟ್ಟಿಯನ್ನೂ ಗ್ರಾಫಿನ ಪಕ್ಕ ಅಂಟಿಸಿದ್ದ: ಕಣ್ಣು, ಕಿಡ್ನಿ, ಹಲ್ಲು, ಪಾದ. ಮೊದಲ ಮೂರಕ್ಕೆ ಡಾಕ್ಟರ ಹತ್ತಿರ ಹೋದ. ನಾಲ್ಕನೆಯದರ ಮುಂದೆ ತಾನೇ 'ಉರಿ ಇಲ್ಲ, ಸರಿ' ಎಂದು ಬರೆದುಕೊಂಡ.

ಆಷಾಢದಲ್ಲಿ ಅವನ ಮನೆಯ ಬಿಳಿ ಟೈಲ್ಸ್ ಮೇಲೆ ಕೆಂಪು ಕಲೆ ಕಾಣತೊಡಗಿತು. ಊರಲ್ಲಿ ಎಲ್ಲಿ ಕೆಂಪು ಕಂಡರೂ ಮೊದಲ ಅನುಮಾನ ಎಲೆಅಡಿಕೆ ಜಗಿಯುವ ನನ್ನ ಬಾಯಿಯ ಮೇಲೆಯೇ. ಉಗುಳುವುದಕ್ಕೆ ಭದ್ರಾ ಹೊಳೆ ಸಾಲದೆ ನನ್ನ ಮನೆಗೆ ಬರ್ತೀಯ ಎಂದು ಷಡಕ್ಷರಪ್ಪ ಬೈದ. ನಾನು ಉಗುಳಿಲ್ಲವೆಂದು ಆಣೆ ಮಾಡಿದೆ, ನಂಬಲಿಲ್ಲ. ಬಗ್ಗಿ ಒರೆಸಿಯೂ ಕೊಟ್ಟೆ. ಮಾರನೆಯ ದಿನ ಮತ್ತೆ ಬಂತು. ನಾಲ್ಕು ದಿನ ಇದೇ ನಡೆಯಿತು. ಕಲೆ ಹಜಾರದಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ ಒಂದೇ ಅಳತೆಯ ದೂರದಲ್ಲಿ ಬಿದ್ದಿರುತ್ತಿತ್ತು. ಮೂವರಲ್ಲಿ ಒಬ್ಬರಿಗೂ ಅದು ಹೆಜ್ಜೆಯ ಅಳತೆ ಎಂದು ಹೊಳೆಯಲಿಲ್ಲ.

ಐದನೆಯ ದಿನ ಭೀಮನ ಅಮಾವಾಸ್ಯೆ. ಹೆಂಡತಿ ಗಂಡನ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅವನಿಗೆ ಆಯುಷ್ಯ ಬೇಡುವ ದಿನ. ನನ್ನ ಆಯುಷ್ಯ ಗ್ರಾಫಿನಲ್ಲಿದೆ, ನಿನ್ನ ತಟ್ಟೆಯಲ್ಲಿಲ್ಲ ಎಂದು ಷಡಕ್ಷರಪ್ಪ ಆರು ವರ್ಷದ ಹಿಂದೆಯೇ ಅದನ್ನು ನಿಲ್ಲಿಸಿದ್ದ. ಈ ವರ್ಷ ಶಾಂತಮ್ಮ ಹಟ ಹಿಡಿದರು. ಅಂದು ಅಣ್ಣತಮ್ಮಂದಿರು ಹೊಸ್ತಿಲ ಮೇಲೆ ಕಡುಬನ್ನು ಮೊಣಕೈಯಿಂದ ಒಡೆದು ಒಳಗಿನ ನಾಣ್ಯ ತೆಗೆಯುವ ಪದ್ಧತಿ. ಶಾಂತಮ್ಮನಿಗೆ ಒಡಹುಟ್ಟಿದವರಿಲ್ಲ. ಜಾತಿ ಗೀತಿ ನೋಡದೆ ನನ್ನನ್ನೇ ಅಣ್ಣನ ಜಾಗಕ್ಕೆ ಕರೆದಿದ್ದರು.

ಷಡಕ್ಷರಪ್ಪ ಕುರ್ಚಿಯ ಮೇಲೆ ಪೇಪರ್ ಓದುತ್ತ, ಸರಿಯಪ್ಪ ಬೇಗ ಮುಗಿಸು ಎಂಬಂತೆ ಎರಡು ಪಾದವನ್ನೂ ಹಿತ್ತಾಳೆ ತಟ್ಟೆಗೆ ಇಳಿಸಿದ. ಟಣ್ ಎಂದು ಸದ್ದಾಯಿತು.

"ಅಣ್ಣಾ, ನಾಣ್ಯ ಬಿತ್ತಾ ನೋಡಿ" ಎಂದರು ಶಾಂತಮ್ಮ.

ನಾಣ್ಯ ನನ್ನ ಕೈಯಲ್ಲೇ ಇತ್ತು. ಅವರು ನೀರು ಹಾಕಿದರು. ನೀರು ಕೆಂಪಾಯಿತು. ಕುಂಕುಮವಿನ್ನೂ ಬಟ್ಟಲಿನಲ್ಲೇ ಇತ್ತು. ಬಲಗಾಲನ್ನು ಎತ್ತಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಗ್ರಾಫಿನ ಪಿನ್ನು, ತಲೆಯವರೆಗೂ ಇಳಿದಿತ್ತು. ಸುತ್ತ ಮಾಂಸ ಕಪ್ಪಾಗಿ ವಾಸನೆ ಹಿಡಿದಿತ್ತು. ಶಾಂತಮ್ಮ ಅದನ್ನು ಉಗುರಿನಿಂದ ಎಳೆದು ತೆಗೆದರು. ಷಡಕ್ಷರಪ್ಪ ಪೇಪರಿನ ಪುಟ ತಿರುಗಿಸಿ, "ಆಯ್ತೇನೇ?" ಎಂದ.

ಅವತ್ತೇ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರ್ ಶ್ರೀಗೌರಿ ಅಂತ, ವಯಸ್ಸು ನಮ್ಮ ಮೊಮ್ಮಕ್ಕಳಷ್ಟೇ, ಪಾದದ ಗಾಯ ನೋಡುವುದರಲ್ಲಿ ಹೆಸರು ಮಾಡಿದವರು. ಗಾಯ ತೊಳೆದು ಕಟ್ಟಿದ ಮೇಲೆ, ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದು, ಯಜಮಾನರು ಕಣ್ಣು ಮುಚ್ಚಿಕೊಳ್ಳಬೇಕು, ಪಾದಕ್ಕೆ ಎಳೆ ತಾಗಿದಾಗಲೆಲ್ಲ ಹೂಂ ಅನ್ನಬೇಕು ಎಂದರು. ಅವನು ಪರೀಕ್ಷೆಗೆ ಕೂತ ಹುಡುಗನಂತೆ ನೆಟ್ಟಗೆ ಕೂತು ಕಣ್ಣು ಮುಚ್ಚಿದ. ಎಳೆ ಬೆರಳಿಗೆ ತಾಗಿತು, ಬುಡಕ್ಕೆ ತಾಗಿತು, ನಡುವಿಗೆ, ಹಿಮ್ಮಡಿಗೆ. ಬಲಗಾಲು ಮುಗಿದು ಎಡಗಾಲೂ ಮುಗಿಯಿತು. ಶಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಶುರು ಮಾಡಿ ಡಾಕ್ಟ್ರೇ, ರೆಡಿ ಇದೀನಿ" ಎಂದ ಷಡಕ್ಷರಪ್ಪ.

ಶ್ರೀಗೌರಿ ಎಳೆಯನ್ನು ಡಬ್ಬಿಗೆ ಹಾಕಿದರು. ಆಮೇಲೆ ನಿಧಾನವಾಗಿ ಹೇಳಿದರು. ಉರಿ ಅಂದರೆ ನರ ಕೂಗಿಕೊಳ್ಳುತ್ತಿತ್ತು, ಈಗ ಕೂಗುವ ನರವೇ ಸತ್ತಿದೆ. ಎಂಟು ವರ್ಷ ಅವನು ಮಾಡಿದ್ದೆಲ್ಲ ಸರಿಯೇ, ಅದರಿಂದಲೇ ಕಣ್ಣು ಕಿಡ್ನಿ ಉಳಿದಿವೆ. ಅದಕ್ಕೂ ಹಿಂದಿನ ಹದಿನೈದು ವರ್ಷದ ಹಾಳು ಮಾತ್ರ ವಾಪಸ್ ಬರುವುದಿಲ್ಲ. ದಿನಾ ಒಮ್ಮೆ ಅಂಗಾಲನ್ನು ಕಣ್ಣಿಂದ ನೋಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಬೀಡಿಯಿಂದ ರಕ್ತನಾಳ ಬೇರೆ ಸಣ್ಣಗಾಗಿದೆ. ಮೂರು ತಿಂಗಳು ಬಲಗಾಲನ್ನು ನೆಲಕ್ಕೆ ಊರದಿದ್ದರೆ ಕಾಲು ಉಳಿಯುತ್ತದೆ. ಊರಿದರೆ ಉಳಿಯುವುದಿಲ್ಲ.

ಕಾಲಿಗೆ ಪ್ಲಾಸ್ಟರಿನ ಪಟ್ಟು ಕಟ್ಟಿ ಕಳಿಸಿದರು. ಕಾವಲಿಗೆ ನನ್ನನ್ನು ನೇಮಿಸಿದರು. ಜೀವಮಾನವಿಡೀ ಇನ್ನೊಬ್ಬರ ಹಾಜರಿ ಹಾಕಿದವನು, ಸುಲಭದ ಕೆಲಸ ಅಂದುಕೊಂಡೆ. ಬೆಳಿಗ್ಗೆ ಸಂಜೆ ಹೋಗಿ ಅವನೆದುರು ಕೂತು ಸುಳ್ಳುಸುಳ್ಳು ಕಥೆ ಹೇಳುತ್ತಿದ್ದೆ. ತ್ಯಾವರೆಕೊಪ್ಪದ ಸಫಾರಿಯ ಹುಲಿ ಒಂದಕ್ಕೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ಅದಕ್ಕೆ ಮುದ್ದೆ ಸೊಪ್ಪು ಬರೆದುಕೊಟ್ಟಿದ್ದಾರೆ ಎಂದೆ. ಅವನು ನಗಲಿಲ್ಲ. ಗೋಡೆ ನೋಡುತ್ತಿದ್ದ. ನಡಿಗೆ ನಿಂತದ್ದರಿಂದ, ಗಾಯದಲ್ಲಿ ಕೀವಿದ್ದುದರಿಂದ, ಗೆರೆ ಮೇಲಕ್ಕೆ ಹತ್ತುತ್ತಿತ್ತು. ನೂರ ಎಂಬತ್ತು, ಇನ್ನೂರ ಹತ್ತು. ಮಾತ್ರೆ ಬದಲಿಸೋಣ, ಇನ್ಸುಲಿನ್ ಕೊಡೋಣ, ಗೆರೆ ಇಳಿಯುತ್ತದೆ ಎಂದು ಶ್ರೀಗೌರಿ ಫೋನಿನಲ್ಲಿ ಹೇಳಿದರು. ಅವನು ಹೂಂ ಎಂದ.

ಐದನೆಯ ವಾರ ಪಟ್ಟಿನ ತಳ ಸವೆದು ಬಟ್ಟೆ ಹೊರಗೆ ಬಂದದ್ದು ನನ್ನ ಕಣ್ಣಿಗೆ ಬಿತ್ತು. ಶಾಂತಮ್ಮ ಅಂಗಡಿಗೆ ಹೋದಾಗ, ನಾನು ಎಲೆಅಡಿಕೆಗೆ ಎದ್ದು ಹೋದಾಗ, ಹಜಾರದಿಂದ ಅಡುಗೆಮನೆಗೆ ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ ಹಾಕಿದ್ದನಂತೆ. ನನಗೆ ಸಿಟ್ಟು ತಡೆಯಲಿಲ್ಲ. ನಿನ್ನ ತಲೆಗೂ ಎರಕ ಹೊಯ್ದಿದ್ದಾರಾ ಎಂದು ಬೈದೆ.

"ನೋವಾಗಿದ್ರೆ ನಿಲ್ತಿದ್ದೆ ಮಾರಾಯ" ಎಂದ. "ನೋವೇ ಇಲ್ವಲ್ಲ. ಗೆರೆ ನೋಡಿದ್ರೆ ಭಯ ಆಗುತ್ತೆ, ಕಾಲು ನೋಡಿದ್ರೆ ಏನೂ ಆಗಲ್ಲ. ಯಾವುದನ್ನ ನಂಬಲಿ?"

ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗುಳಿ ಬಂದೆ. ಎಲೆಅಡಿಕೆಗೆ ಎದ್ದು ಹೋಗುತ್ತಿದ್ದವನೂ ನಾನೇ.

ಗಾಯದ ಕೊಳೆತ ಮೂಳೆಗೆ ಇಳಿದಿತ್ತು. ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ಶಿವಮೊಗ್ಗದಲ್ಲಿ ಹೇಳಿದರು. ಸಹಿಯ ಕಾಗದ ಮುಂದಿಟ್ಟಾಗ ಷಡಕ್ಷರಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ಆಮೇಲೆ ಶ್ರೀಗೌರಿಯ ಮುಖ ನೋಡಿದ.

"ಇದಾದ್ಮೇಲೆ ಎಷ್ಟು ವರ್ಷ ಬದುಕ್ತಾರೆ? ಅಳತೆ ಇದ್ದೇ ಇರುತ್ತಲ್ಲ. ಹೇಳಿ."

ಅವರು ಸುಳ್ಳು ಹೇಳಲಿಲ್ಲ. "ಇಂಥವರಲ್ಲಿ ಸುಮಾರು ಅರ್ಧ ಜನ ಐದು ವರ್ಷ ದಾಟಲ್ಲ ಯಜಮಾನ್ರೇ. ಇನ್ನರ್ಧ ದಾಟ್ತಾರೆ. ಇನ್ನೊಂದು ಕಾಲನ್ನ ಹೇಗೆ ನೋಡ್ಕೋತೀರಿ ಅನ್ನೋದೂ ಅದರಲ್ಲಿ ಸೇರಿದೆ."

ಅವನಿಗೆ ಆಗ ಅರವತ್ತಾರು. ತೊಂಬತ್ತರಲ್ಲಿ ಅರವತ್ತಾರನ್ನು ಕಳೆಯುವುದು ಅವನಿಗೆ ಕಷ್ಟದ ಲೆಕ್ಕವೇನಲ್ಲ. ತುಟಿ ಸ್ವಲ್ಪ ಅಲುಗಿತು, ಅಷ್ಟೆ. ಸಹಿ ಹಾಕಿದ.

ಆಪರೇಷನ್ನಿನ ಮಾರನೆಯ ಮಧ್ಯಾಹ್ನ ವಾರ್ಡಿಗೆ ಹೋದೆ. ದಾರಿಯುದ್ದಕ್ಕೂ ಒಂದು ತಮಾಷೆ ಯೋಚಿಸಿಕೊಂಡು ಹೋಗಿದ್ದೆ, ಬಾಗಿಲಲ್ಲಿ ಅದು ಮರೆತುಹೋಯಿತು. ಹೊದಿಕೆಯ ಬಲಗಡೆ ಅರ್ಧದಿಂದ ಕೆಳಗೆ ಮಂಚಕ್ಕೆ ಅಂಟಿಕೊಂಡಿತ್ತು. ಷಡಕ್ಷರಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಮಲಗಿದ್ದ. ಶಾಂತಮ್ಮ ಮಂಚದ ಕಾಲುದೆಸೆಯಲ್ಲಿ ಸ್ಟೂಲಿನ ಮೇಲೆ ಕೂತು, ಹೊದಿಕೆ ಸರಿಸಿ, ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದೊಂದೇ ಬೆರಳು ಬಿಡಿಸಿ ಸಂದು ನೋಡುತ್ತಿದ್ದರು. ಹಿಮ್ಮಡಿಯನ್ನು ಅಂಗೈಯಿಂದ ಉಜ್ಜಿದರು. ನನ್ನನ್ನು ಕಂಡು ತಲೆಯಾಡಿಸಿದರು, ಕೈ ಬಿಡಲಿಲ್ಲ.

"ಯಜ್ಞ ಬಂದ್ಯಾ?" ಎಂದ ಅವನು, ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ. "ಶಾಂತಾ ಎಲ್ಲಿ ಹೋದ್ಲು ನೋಡು. ಆಗ್ಲಿಂದ ಕಾಣ್ತಿಲ್ಲ."

"ಇಲ್ಲೇ ಇದೀನ್ರೀ" ಎಂದರು ಶಾಂತಮ್ಮ. "ನಿಮ್ಮ ಕಾಲು ಹಿಡ್ಕೊಂಡೇ ಕೂತಿದೀನಿ."