ಶಾಂತಮ್ಮನ ನೋವು, ಸರ್ ಅವರ ವಾದ

ಮೊನ್ನೆ ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಸೊಂಟಕ್ಕೆ ನೋವಿನ ಮುಲಾಮು ಹಚ್ಚಿಕೊಂಡಳು. ಆ ಘಾಟಿಗೆ ಗುರುಬಸಪ್ಪ ಸರ್ ನೆನಪಾದರು.

ಆಗ ಕೆನಾಲಿಗೆ ನೀರು ಬಿಟ್ಟ ಹೊಸತು. ಸುರಪುರದ ಕಾಲೇಜಿನಲ್ಲಿ ನಾನು ಇತಿಹಾಸ ಹೇಳುತ್ತಿದ್ದೆ, ಅವರು ತತ್ವಶಾಸ್ತ್ರ. ಊರೆಲ್ಲ ಜೋಳ ಬಿಟ್ಟು ಭತ್ತ ಹಚ್ಚುವ ಮಾತಾಡುತ್ತಿದ್ದರೆ, ಇವರು ಕೆನಾಲ್ ದಂಡೆಯ ಮೇಲೆ ತಿರುಗಾಡುತ್ತ ಆ ನೀರು ಇದೆ ಅನ್ನುವುದಕ್ಕೇ ಪುರಾವೆ ಕೇಳುವರು. ತನ್ನ ಮನಸ್ಸೊಂದೇ ಖಾತ್ರಿ ಅನ್ನುವ ಈ ವಾದಕ್ಕೆ ಪುಸ್ತಕಗಳಲ್ಲಿ ಅಹಂಮಾತ್ರವಾದ ಅಂತ ಹೆಸರು.

"ನನ್ನ ಮನಸ್ಸು ಅದ, ಅದು ಖಾತ್ರಿ. ನಿಮ್ಮೊಳಗೂ ಒಂದು ಮನಸ್ಸದ ಅಂತ ಹ್ಯಾಂಗ ನಂಬಲಿ?"

"ಹಂಗಾದ್ರ ಇಷ್ಟೊತ್ತು ಯಾರ ಜೋಡಿ ಜಗಳಾಡಾಕತ್ತೀರಿ?" ಅಂದೆ ನಾನು.

ನಕ್ಕರು, ಸೋಲಲಿಲ್ಲ. ರಾತ್ರಿ ಊಟದ ಹೊತ್ತಿಗೆ ನನಗೆ ಹೊಳೆದ ಉತ್ತರವನ್ನು ಮರುದಿನ ಚಹಾ ಆರುವುದರೊಳಗೆ ಮುರಿದಿಡುವರು.

ಅದೇ ವರ್ಷ ಅವರ ಹೆಂಡತಿ ಶಾಂತಮ್ಮನವರಿಗೆ ಬೆನ್ನುನೋವು ಶುರುವಾಯಿತು. ಯಾದಗಿರಿಯ ಡಾಕ್ಟರು ಎಕ್ಸರೇ ನೋಡಿ ಏನೂ ಇಲ್ಲ ಅಂದರು. ರಾಯಚೂರಿನವರೂ ಹಾಗೇ ಅಂದರು. ಸರ್ ಅವರ ತಾಯಿ ಮಾತ್ರ ಕಾರಣ ಕಂಡುಹಿಡಿದಿದ್ದರು: "ಕೊಡ ಎತ್ತೂಮುಂದ ಅಷ್ಟ ಬರೋ ನೋವದು."

ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಒಳಗೆಲ್ಲ ನೋವಿನ ಮುಲಾಮಿನ ಘಾಟು, ಶಾಂತಮ್ಮ ಗೋಡೆ ಹಿಡಿದು ನಿಂತಿದ್ದರು. ನನ್ನೆದುರೇ ಗಂಡನನ್ನು ಕೇಳಿದರು: "ಎಲ್ಲಾರೂ ಸುಳ್ಳಂತಾರ. ನೀವರೆ ನಂಬ್ತೀರೇನ್ರಿ?"

ಸರ್ ಇಷ್ಟು ದಿನ ವಾದಿಸಿದ್ದರ ಪ್ರಕಾರ ಇದಕ್ಕೆ ಏನು ಉತ್ತರ, ನೀವೇ ಹೇಳಿ.

ಸರ್ ತಡಮಾಡಲಿಲ್ಲ. "ನಂಬ್ತೀನಿ. ಕುಂದ್ರು" ಅಂದರು. ತಾಯಿಯ ಕಡೆ ತಿರುಗಿ, "ಅವ್ವಾ, ಇನ್ನ ನೀರು ನಾ ತರ್ತೀನಿ" ಅಂದರು. ಓಣಿಯವರು ನಕ್ಕರೂ ದಿನಾ ತಾವೇ ತಂದರು. ಬೇಸಿಗೆ ರಜೆಯಲ್ಲಿ ಹೆಂಡತಿಯನ್ನು ಹೈದರಾಬಾದಿಗೆ ಕರೆದೊಯ್ದರು. ಅಲ್ಲಿ ಬೆನ್ನುಹುರಿಯ ಹತ್ತಿರ ಸಣ್ಣ ಗಂಟು ಸಿಕ್ಕಿತು. ಆಪರೇಷನ್ ಆಗಿ ಶಾಂತಮ್ಮ ನಿಧಾನಕ್ಕೆ ಚೇತರಿಸಿಕೊಂಡರು.

"ಗಂಟು ಸಿಕ್ತಲ್ರಿ, ನಿಮ್ಮ ವಾದ ಬಿತ್ತು" ಅಂದೆ ನಾನು ಕೆನಾಲ್ ದಂಡೆಯ ಮೇಲೆ, ಗೆದ್ದವನಂತೆ.

"ಗಂಟು ಕಾಣ್ತು, ನೋವು ಯಾರಿಗೂ ಕಾಣಲಿಲ್ಲ. ವಾದ ಇನ್ನೂ ನಿಂತದ" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ಆದ್ರ ಅಕಿ ಮುಂದ ಅದನ್ನ ಹೇಳಾಕ ನನಗ ಬಾಯಿ ಬರಲಿಲ್ಲ. ಮನಿಯೊಳಗ ಹೇಳಾಕ ಬರದ ವಾದ ಇಟ್ಕೊಂಡು ಏನ ಮಾಡ್ಲಿ?" ಅಂದರು.

ಇದು ತರ್ಕವಲ್ಲ ಅಂತ ಆಗ ಅನ್ನಿಸಿತ್ತು. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಈವರೆಗೂ ಸಿಕ್ಕಿಲ್ಲ.

ಮೊನ್ನೆ ಬಸ್ ಇಳಿದು ಮಗಳ ಮನೆಗೆ ಹೋದೆ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. "ಸಾಲಿ ತಪ್ಪಸಾಕ ನೆವ ಅಪ್ಪಾ" ಅಂದಳು ಮಗಳು.

ಇರಬಹುದು. ನಾನು ಹಾಸಿಗೆಯ ಪಕ್ಕ ಕುಳಿತು, "ಎಲ್ಲಿ ನೋಯ್ತದವ್ವ?" ಅಂದೆ. ಅವಳು ತುಸು ಯೋಚಿಸಿ ಒಂದು ಜಾಗ ತೋರಿಸಿದಳು. ನಾನು ಅಲ್ಲೇ ಕೈಯಿಟ್ಟೆ.