ಮೈ ಕೊಡವಿದ ಹೋತ

ಸ್ನೇಹಿತರೇ, ಇವತ್ತು ಬೆಳಗ್ಗೆ ಶ್ರೀರಾಂಪುರದ ನಮ್ಮ ಪ್ರಾಣಿಗಳ ಆಶ್ರಯಧಾಮದಲ್ಲಿ ಒಂದು ಹೋತಕ್ಕೆ ಸ್ನಾನ ಮಾಡಿಸುತ್ತಿದ್ದೆ. ಹೋದ ವಾರ ಮೇಟಗಳ್ಳಿಯವರೊಬ್ಬರು ಇದನ್ನು ಮಾರಮ್ಮನ ಹರಕೆಗೆಂದು ಕಡಿಯಲು ಕರೆದೊಯ್ದಿದ್ದರು. ತೀರ್ಥ ಹಾಕಿದಾಗ ಹೋತ ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದು ಲೆಕ್ಕ. ಬಿಂದಿಗೆ ನೀರು ಸುರಿದರೂ ಇದು ಕಲ್ಲಿನ ಹಾಗೆ ನಿಂತಿತಂತೆ. ಹಾಗಾಗಿ ಜೀವ ಉಳಿದು ನಮ್ಮಲ್ಲಿಗೆ ಬಂತು. ಇಲ್ಲೂ ಅಷ್ಟೇ, ನೀರು ಕಂಡರೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು.

ಇವತ್ತು ಮೊದಲ ಸಲ ಧೈರ್ಯ ಬಂದು ಚೆನ್ನಾಗಿ ಮೈ ಕೊಡವಿತು. ಹೇಗಿದೆ ಎಂದು ನೋಡಲು ಬಂದ ಮೇಟಗಳ್ಳಿಯ ಆ ಹಳೇ ಯಜಮಾನರು ಪಕ್ಕದಲ್ಲೇ ನಿಂತಿದ್ದರು.

"ಕೊಡವ್ತು ನೋಡುದ್ರಾ? ಅಮ್ಮ ಒಪ್ಬುಟ್ಲು. ಹಗ್ಗ ಬಿಚ್ಚಿ, ಕರ್ಕೊಂಡೋಯ್ತೀನಿ" ಅಂದರು.

ಹೋತ ಎರಚಿದ ನೀರು ಅವರ ಮುಖದ ಮೇಲೂ ಬಿದ್ದಿತ್ತು. ಹಾಗೆ ಹೇಳುತ್ತಲೇ ತಲೆ, ಭುಜ ಎಲ್ಲ ಕೊಡವಿಕೊಂಡರು.

"ಅಣ್ಣ, ನೀವೂ ಕೊಡವುದ್ರಿ ಕಣ್ರೀ. ಅಮ್ಮ ಯಾರ್ನ ಒಪ್ಪವ್ಳೆ ಅಂತ ಕೇಳ್ಕೊಂಡ್ ಬನ್ನಿ, ಆಮೇಲೆ ನೋಡನ" ಅಂದೆ.

ಅವರು ಬೈಕ್ ಹತ್ತಿದರು. ಹೋತದ ಆಸೆ ಬಿಟ್ಟರೋ ಇಲ್ಲವೋ ಗೊತ್ತಿಲ್ಲ, ಗೇಟು ದಾಟುವಾಗ ಒಂದು ಕೈ ಮಾತ್ರ ತಮ್ಮ ಕತ್ತಿನ ಮೇಲೇ ಇತ್ತು.